ಮಗಳ ಮೊದಲ ಎಂಆರ್‌ಐ ‘ಸಹಜ’ ಎಂದಿತ್ತು; ಈಗ ಮತ್ತೆ ಸ್ಕ್ಯಾನ್‌ಗಳ ಸಾಲು ಏಕೆ?

ಶಿರಸಿ ಸೀಮೆಯವ
ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ 7 ವರ್ಷ. ಹನ್ನೊಂದನೆಯ ತಿಂಗಳಿನಲ್ಲಿ ಮೊದಲ ಸಲ ಫಿಟ್ಸ್ ಬಂದಾಗ ಜ್ವರದಿಂದ ಬಂದದ್ದೆಂದು ತಿಳಿದೆವು. ಜ್ವರವಿಲ್ಲದೆಯೂ ಬರತೊಡಗಿದ ಮೇಲೆ, ಅವಳಿಗೆ 14 ತಿಂಗಳಿದ್ದಾಗ, ಎಂಆರ್‌ಐ ಮಾಡಿಸಿದೆವು. ಮೆದುಳು ಸಹಜವಾಗಿದೆ ಎಂದು ವರದಿ ಬಂತು. ಆ ಹಾಳೆಯನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದವರು ನಾವು.

ಅಲ್ಲಿಂದೀಚೆಗೆ ವಾಲ್‌ಪ್ರೊಯೇಟ್, ಲೆವೆಟಿರಾಸಿಟಮ್, ಆಕ್ಸ್‌ಕಾರ್ಬಜೆಪಿನ್ ಎಂಬ ಔಷಧಗಳೆಲ್ಲವೂ ಆದವು. ನಡುವಿನದ್ದನ್ನು ಕೊಡುತ್ತಿದ್ದಾಗ ಮಗು ಕಂಡಕಂಡವರ ಮೇಲೆ ಸಿಡುಕುತ್ತಿತ್ತು, ಆದರೆ ಫಿಟ್ಸ್ ಮಾತ್ರ ನಿಲ್ಲಲಿಲ್ಲ. ನಿದ್ದೆ ಹತ್ತಿ ಒಂದೆರಡು ಗಂಟೆಯೊಳಗೆ ಎಡಗೈ ಸೆಟೆಯುತ್ತದೆ, ಬಾಯಿ ಎಡಕ್ಕೆ ಎಳೆಯುತ್ತದೆ, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಒಂದು ರಾತ್ರಿಗೆ ನಾಲ್ಕೈದು ಸಲ. ಹೆಂಡತಿ ಮತ್ತು ನಾನು ಪಾಳಿಯಲ್ಲಿ ಎಚ್ಚರವಿರುತ್ತೇವೆ.

ಈಗ ಬೆಂಗಳೂರಿನ ಮಕ್ಕಳ ನರರೋಗ ತಜ್ಞರು ಶಸ್ತ್ರಚಿಕಿತ್ಸೆಯ ಮಾತೆತ್ತಿದ್ದಾರೆ. ಅದಕ್ಕೂ ಮೊದಲು 3 ಟೆಸ್ಲಾ (ಟೆಸ್ಲಾ ಎಂದರೆ ಯಂತ್ರದ ಕಾಂತಬಲದ ಅಳತೆಯಂತೆ) ಯಂತ್ರದಲ್ಲಿ ಹೊಸ ಎಂಆರ್‌ಐ, ವಿಡಿಯೊ ಇಇಜಿ (ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ತನ್ನೂ ಮಗುವಿನ ವಿಡಿಯೊವನ್ನೂ ಒಟ್ಟಿಗೆ ದಾಖಲಿಸುವುದು), ಪೆಟ್ ಸ್ಕ್ಯಾನ್, ಬೇಕಾದರೆ ಇನ್ನೂ ಒಂದೆರಡು ಪರೀಕ್ಷೆಗಳಾಗಬೇಕಂತೆ. ಈ ಸಲದ ಅಡಿಕೆಯ ದುಡ್ಡು ಅಷ್ಟಕ್ಕೇ ಆಯಿತು ಎನ್ನಿ. ಸಹಜವೆಂದು ಬಂದ ಮೆದುಳಿನಲ್ಲಿ ಇವರು ಹುಡುಕುವುದು ಏನನ್ನು? ಒಂದೇ ಚಿತ್ರದಲ್ಲಿ ತಿಳಿಯದ್ದು ನಾಲ್ಕು ಚಿತ್ರಗಳಲ್ಲಿ ಹೇಗೆ ತಿಳಿಯುತ್ತದೆ? ಈ ಹಾದಿ ಹಿಡಿದವರು ಇದ್ದರೆ ದಯವಿಟ್ಟು ತಿಳಿಸಿ.

ಕೋಡಿಬಾಗ
ನೇರವಾಗಿ ಹೇಳುತ್ತೇನೆ, ಬೇಸರ ಬೇಡ. ನನ್ನ ಸೊಂಟನೋವಿಗೆ ಎರಡು ವರ್ಷಗಳಲ್ಲಿ ಮೂರು ಸ್ಕ್ಯಾನ್ ಮಾಡಿಸಿದರು, ಕೊನೆಗೆ ಹೇಳಿದ್ದು ಬೆನ್ನಿನ ವ್ಯಾಯಾಮ ಮಾಡಿ ಎಂದು. ಯಂತ್ರ ಕೊಂಡವರಿಗೆ ಯಂತ್ರ ಓಡಬೇಕು. ಒಮ್ಮೆ ಸಹಜ ಎಂದು ಬಂದ ಮೇಲೆ ಅದೇ ಮಗುವನ್ನು ಮತ್ತೆ ಮಲಗಿಸುವ ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ.

ಭಟ್ಕಳದ ಟೆಕ್ನಿಷಿಯನ್
ನಾನು ಕರಾವಳಿಯ ಬೇರೊಂದು ಜಿಲ್ಲೆಯಲ್ಲಿ ಎಂಆರ್‌ಐ ವಿಭಾಗದಲ್ಲಿ ಹನ್ನೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕೋಡಿಬಾಗದವರ ಸಿಟ್ಟು ಅರ್ಥವಾಗುತ್ತದೆ, ಆದರೆ ಸೊಂಟದ ಮಾತನ್ನು ಇಲ್ಲಿಗೆ ತರಬೇಡಿ. ‘ಎಂಆರ್‌ಐ’ ಎಂಬುದು ಒಂದೇ ಪರೀಕ್ಷೆಯ ಹೆಸರಲ್ಲ. ಫಿಟ್ಸ್ ಎಂದಷ್ಟೇ ಚೀಟಿಯಲ್ಲಿ ಬರೆದು ಕಳಿಸಿದರೆ ನಾವು ವಾಡಿಕೆಯಂತೆ ಸುಮಾರು 5 ಮಿಲಿಮೀಟರ್ ದಪ್ಪದ ಪದರಗಳಲ್ಲಿ, ಪದರಗಳ ನಡುವೆ ಸಣ್ಣ ಅಂತರ ಬಿಟ್ಟು ಚಿತ್ರ ತೆಗೆಯುತ್ತೇವೆ. ಗೆಡ್ಡೆ, ರಕ್ತಸ್ರಾವ, ನೀರು ತುಂಬಿರುವುದು ಇವೆಲ್ಲ ಅದರಲ್ಲಿ ಸಿಕ್ಕಿಬೀಳುತ್ತವೆ. ಅಪಸ್ಮಾರದ ಶಸ್ತ್ರಚಿಕಿತ್ಸೆಗೆಂದು ಬಂದರೆ 1 ಮಿಲಿಮೀಟರ್ ಪದರ, ನಡುವೆ ಅಂತರವಿಲ್ಲ, ಮೂರೂ ದಿಕ್ಕಿನಿಂದ ತಿರುಗಿಸಿ ನೋಡುವಂಥ ಚಿತ್ರ ಬೇಕು. ಗೆಣಸನ್ನು ದಪ್ಪ ಬಿಲ್ಲೆಗಳಾಗಿ ಹೆಚ್ಚಿದರೆ ಒಳಗಿನ ಹುಳುಕು ಎರಡು ಬಿಲ್ಲೆಗಳ ನಡುವೆ ಅಡಗಿಬಿಡುತ್ತದೆಯಲ್ಲ, ಹಾಗೆ.

ಹಾಗಾಗಿ ಶಿರಸಿಯವರೇ, ಚೀಟಿಯಲ್ಲಿ ಏನು ಬರೆದಿದ್ದಾರೆ ಎಂದು ನೋಡಿಕೊಳ್ಳಿ. ಎಡಗೈ ಸೆಟೆಯುತ್ತದೆ, ನಿದ್ದೆಯಲ್ಲಿ ಬರುತ್ತದೆ, (ಎಡಗೈಯನ್ನು ಆಡಿಸುವುದು ಮೆದುಳಿನ ಬಲಭಾಗವಾದ್ದರಿಂದ) ಮೆದುಳಿನ ಬಲ ಮುಂಭಾಗದ ಮೇಲೆ ಸಂಶಯವಿದೆ ಎಂದು ಬರೆದಿದ್ದರೆ ಚಿತ್ರ ತೆಗೆಯುವವರಿಗೂ ಓದುವವರಿಗೂ ಎಲ್ಲಿ ಕಣ್ಣು ನೆಡಬೇಕೆಂದು ಗೊತ್ತಿರುತ್ತದೆ.

ಸಿದ್ದಾಪುರದ ಡಾಕ್ಟರ್
ನಾನು ಸಿದ್ದಾಪುರದವಳು, ಬೆಂಗಳೂರಿನಲ್ಲಿ ಮಕ್ಕಳ ನರರೋಗ ವಿಭಾಗದಲ್ಲಿದ್ದೇನೆ. ಮಗುವನ್ನು ನೋಡದೆ ಇಲ್ಲಿ ಕಾಯಿಲೆ ನಿರ್ಣಯಿಸುವುದು ಸರಿಯಲ್ಲ. ಆದರೆ 14 ತಿಂಗಳು ಎಂಬ ಒಂದು ಮಾತು ಬಹಳ ಮುಖ್ಯವಾದದ್ದು, ಅದರ ಬಗ್ಗೆ ಬರೆಯದಿರಲಾರೆ.

ಹುಟ್ಟಿದ ಮಗುವಿನ ಮೆದುಳಿನ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಪೂರ್ತಿ ಬಂದಿರುವುದಿಲ್ಲ. ಮೊದಲ ಎರಡು ವರ್ಷಗಳಲ್ಲಿ ಅದು ಹಿಂದಿನಿಂದ ಮುಂದಕ್ಕೆ ಹಂತಹಂತವಾಗಿ ಬೆಳೆಯುತ್ತದೆ. ಎಂಆರ್‌ಐಯಲ್ಲಿ ನರಕೋಶಗಳಿರುವ ಬೂದು ಭಾಗವೂ ನರತಂತುಗಳಿರುವ ಬಿಳಿ ಭಾಗವೂ ಬೇರೆಬೇರೆಯಾಗಿ ಕಾಣುವುದಕ್ಕೆ ಈ ಹೊದಿಕೆಯೇ ದೊಡ್ಡ ಕಾರಣ. ಅದು ಬೆಳೆಯುತ್ತಿರುವ ನಡುವಿನ ತಿಂಗಳುಗಳಲ್ಲಿ ಎರಡರ ಬಣ್ಣವೂ ಹೆಚ್ಚುಕಡಿಮೆ ಒಂದೇ ಆಗಿ, ಗಡಿರೇಖೆ ಮಸುಕಾಗುತ್ತದೆ. ಔಷಧಕ್ಕೆ ಬಗ್ಗದ ಮಕ್ಕಳಲ್ಲಿ ನಾವು ಹೆಚ್ಚಾಗಿ ಹುಡುಕುವ ದೋಷ ‘ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ’. ಗರ್ಭದಲ್ಲಿ ಮೆದುಳು ರೂಪುಗೊಳ್ಳುವಾಗ ಅದರ ತೊಗಟೆಯ, ಅಂದರೆ ಬೂದು ಬಣ್ಣದ ಹೊರಪದರದ, ಒಂದು ಚೂರಿನಲ್ಲಿ ಜೀವಕೋಶಗಳು ತಮ್ಮ ಸಾಲಿನಲ್ಲಿ ಸರಿಯಾಗಿ ಕೂರದೆ ಹೋಗಿರುವುದು ಎಂದು ಇದರ ಅರ್ಥ. ಅದರ ಗುರುತೆಂದರೆ ತೊಗಟೆ ತುಸು ದಪ್ಪವಾಗಿರುವುದು ಮತ್ತು ಆ ಗಡಿರೇಖೆ ಮಸುಕಾಗಿರುವುದು. ಇಡೀ ಮೆದುಳಿನಲ್ಲೇ ರೇಖೆ ಮಸುಕಾಗಿರುವ ವಯಸ್ಸಿನಲ್ಲಿ ಒಂದು ಚೂರಿನ ಮಸುಕನ್ನು ಗುರುತಿಸುವುದು ಹೇಗೆ? ಆದ್ದರಿಂದಲೇ ಆ ವಯಸ್ಸಿನಲ್ಲಿ ಸಹಜವೆಂದು ಬಂದರೂ, ಫಿಟ್ಸ್ ನಿಲ್ಲದಿದ್ದರೆ, ಎರಡು ಎರಡೂವರೆ ವರ್ಷ ತುಂಬಿದ ಮೇಲೆ ಮತ್ತೊಮ್ಮೆ ತೆಗೆಯಬೇಕು. ನಿಮ್ಮಲ್ಲಿ ಅದು ಆಗಲಿಲ್ಲ, ಅಷ್ಟೆ. ಮೊದಲ ವರದಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ದಿನ ಆ ಚಿತ್ರದಲ್ಲಿ ಕಂಡದ್ದನ್ನು ಬರೆದಿದ್ದಾರೆ.

ಶಿರಸಿ ಸೀಮೆಯವ
ಡಾಕ್ಟ್ರೇ, ಐದು ವರ್ಷ ಆ ಹಾಳೆಯನ್ನು ನಂಬಿ ಕೂತೆವು. ಯಾರೂ ಈ ಮಾತು ಹೇಳಿರಲಿಲ್ಲ.

ಹೊನ್ನಾವರದ ಮೇಷ್ಟ್ರು
ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಭೂಮಿಯ ಕಾಂತಕ್ಷೇತ್ರಕ್ಕಿಂತ 3 ಟೆಸ್ಲಾ ಎಂಬುದು ಹತ್ತಾರು ಸಾವಿರ ಪಟ್ಟು ಹೆಚ್ಚು. ಅದನ್ನು 1.5ರಿಂದ 3ಕ್ಕೆ ಏರಿಸಿದರೆ ಸಂಕೇತ ಬಲವಾಗುತ್ತದೆ, ಚಿತ್ರ ಸ್ಪಷ್ಟವಾಗುತ್ತದೆ. ಆದ್ದರಿಂದ 3 ಟೆಸ್ಲಾ ಯಂತ್ರವಿರುವಲ್ಲಿಗೇ ಹೋಗಿ ಎಂಬುದು ನನ್ನ ಸಲಹೆ. ಅಲ್ಲಿಗೆ ಪ್ರಶ್ನೆ ಮುಗಿಯಿತು.

ತದಡಿ ಬಂದರು
ಮುಗಿಯಲಿಲ್ಲ ಮೇಷ್ಟ್ರೇ. ನಮ್ಮ ಬೋಟುಗಳಲ್ಲಿ ಮೀನು ಹುಡುಕುವ ಯಂತ್ರವಿದೆ. ಒಂದೇ ಕಂಪನಿಯ ಒಂದೇ ಯಂತ್ರ ಎರಡು ಬೋಟಿನಲ್ಲಿದ್ದರೂ ಒಬ್ಬ ತಾಂಡೇಲ ಪರದೆಯ ಮೇಲಿನ ಚುಕ್ಕೆ ನೋಡಿ ಬಂಗುಡೆಯ ಹಿಂಡು ಎನ್ನುತ್ತಾನೆ, ಇನ್ನೊಬ್ಬ ಬಂಡೆ ಎಂದು ಬಲೆ ಬಿಡದೆ ಬರುತ್ತಾನೆ. ನನ್ನ ಅಕ್ಕನ ಮಗನಿಗೆ ಹೀಗೇ ಆಯಿತು. ಒಂದು ಊರಿನಲ್ಲಿ 3 ಟೆಸ್ಲಾದಲ್ಲಿ ತೆಗೆಸಿದ್ದರು, ಸಹಜ ಎಂದೇ ಬಂತು. ಅದೇ ಸಿ.ಡಿ.ಯನ್ನು ತಿರುವನಂತಪುರಕ್ಕೆ ಒಯ್ದಾಗ, ಅಲ್ಲಿನವರು ಅವನ ಫಿಟ್ಸ್‌ನ ವಿಡಿಯೊ ನೋಡಿದ ಮೇಲೆ ಮತ್ತೆ ಓದಿ, ಬಲ ಕಿವಿಯ ಒಳಭಾಗದ ಕಡೆ ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಕುಗ್ಗಿದೆ ಎಂದರು. ಹೊಸ ಚಿತ್ರ ತೆಗೆಯಲೇ ಇಲ್ಲ.

ಭಟ್ಕಳದ ಟೆಕ್ನಿಷಿಯನ್
ಇದು ನೂರಕ್ಕೆ ನೂರು ನಿಜ. 1.5 ಟೆಸ್ಲಾದಲ್ಲಿ ಶ್ರದ್ಧೆಯಿಂದ ತೆಗೆದ ಚಿತ್ರ, 3 ಟೆಸ್ಲಾದಲ್ಲಿ ಅವಸರದಿಂದ ತೆಗೆದ ಚಿತ್ರಕ್ಕಿಂತ ಮೇಲು. ಮಗು ಅಲುಗಾಡಿದರೆ ಯಾವ ಟೆಸ್ಲಾವೂ ಕೆಲಸಕ್ಕೆ ಬರುವುದಿಲ್ಲ.

ಸಿದ್ದಾಪುರದ ಡಾಕ್ಟರ್
ತದಡಿಯವರು ಹೇಳಿದ್ದು ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು ಎಂದುಕೊಳ್ಳುತ್ತೇನೆ. ಅಲ್ಲಿ 1995ರಿಂದ ಅಪಸ್ಮಾರದ ಶಸ್ತ್ರಚಿಕಿತ್ಸೆ ನಡೆಯುತ್ತಿದೆ, ಅಷ್ಟು ವರ್ಷಗಳ ಕಣ್ಣಿನ ಪಳಗುವಿಕೆ ಅವರಿಗಿದೆ. ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ: ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದು ತೋರಿಸುವುದು ಮೆದುಳಿನ ರಚನೆಯನ್ನು, ಫಿಟ್ಸನ್ನಲ್ಲ. ಒಂದು ಕಲೆ ಕಂಡಿತೆಂದ ಮಾತ್ರಕ್ಕೆ ಫಿಟ್ಸ್ ಅಲ್ಲಿಂದಲೇ ಹುಟ್ಟುತ್ತಿದೆ ಎನ್ನಲಾಗದು. ನಮ್ಮ ದೇಶದಲ್ಲಿ ಲಾಡಿಹುಳುವಿನ ಮೊಟ್ಟೆಯಿಂದಾದ ಹಳೆಯ ಸುಣ್ಣದ ಚುಕ್ಕೆ ಎಷ್ಟೋ ಮೆದುಳುಗಳಲ್ಲಿ ಸುಮ್ಮನೆ ಕೂತಿರುತ್ತದೆ. ಆದ್ದರಿಂದ ರಚನೆ ಹೇಳುವ ಸಾಕ್ಷಿ, ವಿದ್ಯುತ್ತು ಹೇಳುವ ಸಾಕ್ಷಿ, ರಕ್ತ ಮತ್ತು ಸಕ್ಕರೆ ಹೇಳುವ ಸಾಕ್ಷಿ, ಫಿಟ್ಸ್ ಬಂದಾಗ ಮಗುವಿನ ದೇಹವೇ ಹೇಳುವ ಸಾಕ್ಷಿ ಇವು ಒಂದೇ ಜಾಗವನ್ನು ತೋರಿಸುತ್ತವೆಯೇ ಎಂದು ನೋಡುತ್ತೇವೆ. ಶಿರಸಿಯವರೇ, ನಿಮ್ಮ ಎರಡನೆಯ ಪ್ರಶ್ನೆಗೆ ಇದೇ ಉತ್ತರ. ನಾಲ್ಕು ಚಿತ್ರಗಳು ಒಂದೇ ಸಂಗತಿಯ ನಾಲ್ಕು ಪ್ರತಿಗಳಲ್ಲ.

ಹೊನ್ನಾವರದ ಮೇಷ್ಟ್ರು
ತಿದ್ದಿಕೊಂಡೆ. ಹಾಗಾದರೆ ಪೆಟ್ ಸ್ಕ್ಯಾನ್ ಎಂದರೆ ಸಕ್ಕರೆಯ ಸಾಕ್ಷಿಯೇ? ಅದನ್ನು ಕ್ಯಾನ್ಸರಿಗೆ ಮಾಡುತ್ತಾರೆಂದು ಕೇಳಿದ್ದೆ. ಹೆಸರು ಕೇಳಿಯೇ ಮನೆಯವರು ಹೆದರುತ್ತಾರೆ.

ಸಿದ್ದಾಪುರದ ಡಾಕ್ಟರ್
ಹೌದು, ಯಂತ್ರ ಅದೇ, ಕೊಡುವ ವಸ್ತುವೂ ಅದೇ: ಫ್ಲೋರಿನ್-18 ಅಂಟಿಸಿದ ಗ್ಲೂಕೋಸ್. ಆ ಫ್ಲೋರಿನ್‌ನ ವಿಕಿರಣ ಸುಮಾರು 110 ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್‌ನಿಂದ ಬಹು ದೂರದ ಊರುಗಳಲ್ಲಿ ಈ ಪರೀಕ್ಷೆ ಕಷ್ಟ. ಕ್ಯಾನ್ಸರಿನಲ್ಲಿ ಗ್ಲೂಕೋಸನ್ನು ಹೆಚ್ಚು ಹೀರುವ ಜಾಗ ಹುಡುಕುತ್ತಾರೆ. ನಾವು ಹುಡುಕುವುದು ಕಡಿಮೆ ಹೀರುವ ಜಾಗವನ್ನು. ಫಿಟ್ಸ್ ಹುಟ್ಟಿಸುವ ಚೂರು, ಫಿಟ್ಸ್ ಇಲ್ಲದ ಹೊತ್ತಿನಲ್ಲಿ, ಸುತ್ತಲಿನ ಮೆದುಳಿಗಿಂತ ಮಂಕಾಗಿ ಕಾಣುತ್ತದೆ. ಅದು ಸಾಮಾನ್ಯವಾಗಿ ನಿಜವಾದ ದೋಷಕ್ಕಿಂತ ಅಗಲವಾಗಿಯೇ ಕಾಣುವುದರಿಂದ, ಅದನ್ನೇ ಅಳತೆಯಾಗಿ ಹಿಡಿದು ಕತ್ತರಿಸಲಾಗದು. ಆ ಮಂಕಿನ ಚಿತ್ರವನ್ನು ಎಂಆರ್‌ಐ ಮೇಲೆ ಕಂಪ್ಯೂಟರಿನಲ್ಲಿ ಹೊಂದಿಸಿಟ್ಟು, ಆ ಭಾಗದ ಮಡಿಕೆಗಳನ್ನು ಮತ್ತೊಮ್ಮೆ ಒಂದೊಂದಾಗಿ ನೋಡುತ್ತೇವೆ. ಮೊದಲು ತಪ್ಪಿಸಿಕೊಂಡಿದ್ದ ಡಿಸ್‌ಪ್ಲೇಸಿಯಾ ಎಷ್ಟೋ ಸಲ ಆಗ ಸಿಗುತ್ತದೆ.

ಮಗು ನಾಲ್ಕರಿಂದ ಆರು ಗಂಟೆ ಉಪವಾಸವಿರಬೇಕು. ಚುಚ್ಚುಮದ್ದು ಕೊಟ್ಟ ಮೇಲೆ ಮಂದ ಬೆಳಕಿನ ಕೋಣೆಯಲ್ಲಿ ಸುಮ್ಮನೆ ಮಲಗಿರಬೇಕು, ಮೊಬೈಲ್ ಕೊಡಬೇಡಿ. ಆ ಹೊತ್ತಿನಲ್ಲಿ ಫಿಟ್ಸ್ ಬಂದರೆ ತಕ್ಷಣ ತಿಳಿಸಿ, ಏಕೆಂದರೆ ಮಂಕಾಗಬೇಕಾದ ಜಾಗ ಹೊಳೆಯುವಂತೆ ಕಂಡು ನಮ್ಮ ದಾರಿ ತಪ್ಪಿಸಬಹುದು.

ಅಂಕೋಲೆಯ ತಾಯಿ
ನನ್ನ ಮಗನಿಗೆ ಒಂಬತ್ತು ವರ್ಷವಿದ್ದಾಗ ಇವೆಲ್ಲವೂ ಆಗಿವೆ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಅವನ ಎಂಆರ್‌ಐ ಒಂದು ಹೇಳಿತು, ಪೆಟ್ ಇನ್ನೊಂದು ಹೇಳಿತು. ಆಗ ಸ್ಪೆಕ್ಟ್ ಎಂಬ ಪರೀಕ್ಷೆ ಮಾಡೋಣ ಎಂದರು. ದಿನದ ಫಿಟ್ಸ್ ಔಷಧ ಕಡಿಮೆ ಮಾಡಿ, ತಲೆಗೆಲ್ಲ ತಂತಿ ಅಂಟಿಸಿ, ಕ್ಯಾಮೆರಾದ ಎದುರು ಮಲಗಿಸಿ, ಫಿಟ್ಸ್ ಬರಲಿ ಎಂದು ಕಾಯುವುದು. ಏಳು ವರ್ಷ ‘ಬರದಿರಲಿ’ ಎಂದು ಹರಕೆ ಹೊತ್ತವಳು ನಾನು. ಅಲ್ಲಿ ಕೂತು ‘ಈಗಲಾದರೂ ಬರಲಿ’ ಎಂದುಕೊಳ್ಳುವ ಸ್ಥಿತಿ ಬಂತು. ನರ್ಸ್ ಒಬ್ಬರು, ಫಿಟ್ಸ್ ಶುರುವಾದೊಡನೆ ಕೊಡಬೇಕಾದ ಸ್ಕ್ಯಾನಿನ ಔಷಧದ ಸಿರಿಂಜನ್ನು ಮೊದಲೇ ನಾಳಕ್ಕೆ ಜೋಡಿಸಿಟ್ಟುಕೊಂಡು ಹಾಸಿಗೆಯ ಪಕ್ಕದಲ್ಲೇ ಕೂತಿದ್ದರು. ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದಾಗ ಅವರ ಪಾಳಿ ಬದಲಾಗುತ್ತಿತ್ತು, ಔಷಧ ಸೇರಿಸುವುದು ಮುಕ್ಕಾಲು ನಿಮಿಷ ತಡವಾಯಿತು. ಚಿತ್ರ ಉಪಯೋಗಕ್ಕೆ ಬರಲಿಲ್ಲ. ನಾನು ಆ ದಿನ ಅಲ್ಲಿ ಜಗಳ ಮಾಡಿದ್ದೇನೆ, ಮುಚ್ಚಿಡುವುದಿಲ್ಲ.

ಮುಕ್ಕಾಲು ನಿಮಿಷಕ್ಕೆ ಏನಾಗುತ್ತದೆ ಎಂದು ನನ್ನ ಅಣ್ಣನಿಗೆ ಹೇಗೆ ವಿವರಿಸಿದೆ ಗೊತ್ತೇ? ಬೇಣದ ಹುಲ್ಲಿನಲ್ಲಿ ಯಾರೋ ಬೀಡಿ ಎಸೆದು ಬೆಂಕಿ ಹತ್ತಿತೆನ್ನಿ. ಕೂಡಲೇ ಓಡಿ ನೋಡಿದರೆ ಹತ್ತಿದ ಜಾಗ ಕಾಣುತ್ತದೆ. ಊಟ ಮುಗಿಸಿ ಹೋದರೆ ಸೊಪ್ಪಿನ ಬೆಟ್ಟವೇ ಉರಿಯುತ್ತಿರುತ್ತದೆ, ಎಲ್ಲಿಂದ ಶುರುವಾಯಿತೆಂದು ಯಾರು ಹೇಳಬೇಕು? ಅವನಿಗೆ ಎರಡನೆಯ ಸಲ ಸರಿಯಾದ ಸಮಯಕ್ಕೆ ಔಷಧ ಹೋಯಿತು, ಆಗ ಪೆಟ್ ಹೇಳಿದ ಜಾಗವೇ ಸರಿ ಎಂದು ಗಟ್ಟಿಯಾಯಿತು.

ಸಿದ್ದಾಪುರದ ಡಾಕ್ಟರ್
ಅಕ್ಕಾ, ಇದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಅನುಮತಿ ಕೊಡಿ. ಆ ಔಷಧ ಮೊದಲ ಸುತ್ತಿನಲ್ಲೇ ಮೆದುಳಿಗೆ ಅಂಟಿಕೊಂಡುಬಿಡುತ್ತದೆ. ಆದ್ದರಿಂದ ಚಿತ್ರವನ್ನು ಮಗು ಶಾಂತವಾದ ಮೇಲೆ ಒಂದೆರಡು ಗಂಟೆಯೊಳಗೆ ತೆಗೆದರೂ, ಅದು ತೋರಿಸುವುದು ಔಷಧ ಒಳಹೋದ ಆ ಗಳಿಗೆಯ ರಕ್ತದ ಹರಿವನ್ನು. ಅರ್ಧ ನಿಮಿಷದಲ್ಲೇ ಮುಗಿಯುವ ಫಿಟ್ಸ್‌ನಲ್ಲಿ ಇದು ಬಹಳ ಕಷ್ಟ. ಶಿರಸಿಯ ಮಗುವಿಗೆ ಇದನ್ನು ಸೂಚಿಸದಿದ್ದರೆ ಅದಕ್ಕೆ ಕಾರಣ ಇದೇ ಇರಬಹುದು.

ಕೋಡಿಬಾಗ
ಎಂಆರ್‌ಐ ಹೇಳಿದ್ದು ತಪ್ಪು, ಪೆಟ್ ಹೇಳಿದ್ದು ಸರಿ, ಸ್ಪೆಕ್ಟ್ ಮೊದಲ ಸಲ ವ್ಯರ್ಥ. ನಾನು ಹೇಳಿದ್ದೂ ಇದನ್ನೇ ಅಲ್ಲವೇ? ಪ್ರತಿ ಪರೀಕ್ಷೆಯೂ ಮುಂದಿನ ಪರೀಕ್ಷೆಗೆ ದಾರಿ ಮಾಡಿಕೊಡುತ್ತದೆ, ನಡುವೆ ಬಡವನ ತೋಟ ಹೋಗುತ್ತದೆ.

ಅಂಕೋಲೆಯ ತಾಯಿ
ತೋಟ ಹೋದದ್ದು ನನ್ನದು ಅಣ್ಣಾ, ನಿಮ್ಮದಲ್ಲ. ಎಂಆರ್‌ಐ ತೋರಿಸಿದ ಜಾಗವನ್ನೇ ನಂಬಿ ಕತ್ತರಿಸಿದ್ದರೆ ಫಿಟ್ಸೂ ಉಳಿಯುತ್ತಿತ್ತು, ಒಳ್ಳೆಯ ಮೆದುಳೂ ಹೋಗುತ್ತಿತ್ತು. ಆ ಖರ್ಚಿನ ಲೆಕ್ಕವನ್ನೂ ಹಾಕಿ.

ಬನವಾಸಿ ರಸ್ತೆ
ಸಾಫ್ಟ್‌ವೇರ್ ಕ್ಷೇತ್ರದವನಾಗಿ ಒಂದು ಮಾತು. ಈಗ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂಗಳು ಎಂಆರ್‌ಐ ಚಿತ್ರದಲ್ಲಿ ತೊಗಟೆಯ ದಪ್ಪವನ್ನು ಸಾವಿರಾರು ಬಿಂದುಗಳಲ್ಲಿ ಅಳೆದು, ಮನುಷ್ಯನ ಕಣ್ಣಿಗೆ ತಪ್ಪಿದ ಡಿಸ್‌ಪ್ಲೇಸಿಯಾಗಳನ್ನು ಗುರುತಿಸುತ್ತಿವೆ. ಲಂಡನ್‌ನ ‘ಮೆಲ್ಡ್’ ಯೋಜನೆಯವರು ತಮ್ಮ ಪ್ರೋಗ್ರಾಂ ಅನ್ನು ಸಂಶೋಧಕರಿಗೆ ಮುಕ್ತವಾಗಿಯೇ ಕೊಟ್ಟಿದ್ದಾರೆ. ಹಾಗಿರುವಾಗ ಪೆಟ್, ಸ್ಪೆಕ್ಟ್ ಎಂದು ಅಲೆಯುವುದಕ್ಕಿಂತ ಹಳೆಯ ಚಿತ್ರವನ್ನೇ ಅದಕ್ಕೆ ಕೊಟ್ಟು ನೋಡಬಾರದೇಕೆ?

ಭಟ್ಕಳದ ಟೆಕ್ನಿಷಿಯನ್
ದಪ್ಪ ಬಿಲ್ಲೆಯಲ್ಲಿ ದಾಖಲಾಗದೇ ಇದ್ದದ್ದನ್ನು ಯಾವ ಬುದ್ಧಿಮತ್ತೆಯೂ ಹುಡುಕಿಕೊಡಲಾರದು ತಮ್ಮಾ. ಅದಕ್ಕೂ 1 ಮಿಲಿಮೀಟರ್ ಪದರದ ಚಿತ್ರವೇ ಬೇಕು.

ಸಿದ್ದಾಪುರದ ಡಾಕ್ಟರ್
ಜೊತೆಗೆ ಅದು ದೋಷವಿಲ್ಲದ ಮಡಿಕೆಗಳ ಮೇಲೂ ಗುರುತು ಹಾಕುತ್ತದೆ. ಇಲ್ಲಿ ಒಮ್ಮೆ ನೋಡಿ ಎಂದು ಬೆರಳು ತೋರಿಸುವ ಸಹಾಯಕನಾಗಿ ಅದು ಒಳ್ಳೆಯದೇ. ತೀರ್ಪು ಕೊಡುವ ಜಾಗದಲ್ಲಿ ಅದನ್ನು ಕೂರಿಸುವ ಕಾಲ ಬಂದಿಲ್ಲ.

ಮುರುಡೇಶ್ವರ ಕಡೆಯವಳು
ಒಂದು ಬೇರೆ ವಿಷಯ, ಆದರೆ ಇದಕ್ಕೇ ಸೇರಿದ್ದು. ನಮ್ಮ ಮನೆಯಲ್ಲಿ ಅಜ್ಜಿ ಹೇಳುವುದೇನೆಂದರೆ, ಹೆಣ್ಣುಮಗುವಿಗೆ ಇಷ್ಟೆಲ್ಲ ತಲೆಯ ಸ್ಕ್ಯಾನ್ ಮಾಡಿಸಿದರೆ ನಾಳೆ ಊರಿಗೆಲ್ಲ ತಿಳಿದು ಮದುವೆಗೆ ಅಡ್ಡಿಯಾಗುತ್ತದೆ. ಎರಡು ವರ್ಷ ನಾವು ಹೀಗೇ ತಡಮಾಡಿದೆವು. ಶಿರಸಿಯವರೂ ಇದನ್ನು ಕೇಳಿರುತ್ತೀರಿ.

ಹೊನ್ನಾವರದ ಮೇಷ್ಟ್ರು
ಅಜ್ಜಿಗೆ ಹೇಳಿ, ಕಾನೂನಿನಲ್ಲೂ ಆ ಮಾತು ಹಳತಾಯಿತು. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರ ಇರುವವರ ಮದುವೆಗೆ ಅಡ್ಡಿಯಾಗಿದ್ದ ಪದವನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಿದ್ದಾರೆ. ಮುಚ್ಚಿಟ್ಟ ಫಿಟ್ಸೇ ಮದುವೆಗೆ ಹೆಚ್ಚು ತೊಂದರೆ ಕೊಟ್ಟದ್ದನ್ನು ನನ್ನ ವಿದ್ಯಾರ್ಥಿನಿಯರಲ್ಲೇ ಕಂಡಿದ್ದೇನೆ.

ಯಲ್ಲಾಪುರ ಘಟ್ಟ
ಎಲ್ಲರೂ ಶಸ್ತ್ರಚಿಕಿತ್ಸೆಯ ಬಾಗಿಲು ತೆರೆಯುವ ಸ್ಕ್ಯಾನ್‌ಗಳ ಬಗ್ಗೆ ಬರೆಯುತ್ತಿದ್ದೀರಿ. ನಮಗೆ ಮುಚ್ಚಿದ ಬಾಗಿಲಿನ ಅನುಭವ. ಮಗ ಹುಟ್ಟಿದ ಎರಡನೆಯ ದಿನ ಹಾಲು ಸಾಲದೆ ರಕ್ತದಲ್ಲಿ ಸಕ್ಕರೆ ಇಳಿದು ಫಿಟ್ಸ್ ಬಂದಿತ್ತು. ಐದು ವರ್ಷದವನಿದ್ದಾಗ ತೆಗೆದ ಎಂಆರ್‌ಐಯಲ್ಲಿ ಮೆದುಳಿನ ಹಿಂಭಾಗ ಎರಡೂ ಕಡೆ ಗಾಯವಾಗಿ ಒಣಗಿದಂತೆ ಕಂಡಿತು. ಎರಡೂ ಕಡೆ ಇರುವಾಗ ಒಂದು ಕಡೆ ಕತ್ತರಿಸಿ ಪ್ರಯೋಜನವಿಲ್ಲ, ಇವನಿಗೆ ಔಷಧ ಮತ್ತು ಕೊಬ್ಬು ಹೆಚ್ಚಿರುವ ಕೀಟೋಜೆನಿಕ್ ಆಹಾರವೇ ದಾರಿ ಎಂದರು. ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತಿದ್ದೆ. ಆದರೂ ಸುಮ್ಮನೆ ಊರೂರು ಅಲೆಯುವುದು ಆ ಚಿತ್ರದಿಂದಲೇ ನಿಂತಿತು. ಈಗ ಎಣ್ಣೆ, ತುಪ್ಪ, ತೆಂಗಿನಕಾಯಿಯ ಲೆಕ್ಕದಲ್ಲಿ ಅಡುಗೆಮನೆ ನಡೆಯುತ್ತಿದೆ, ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಗಿದೆ.

ಶಿರಸಿ ಸೀಮೆಯವ
ನಿಮ್ಮೆಲ್ಲರ ಮಾತನ್ನು ಮನೆಯಲ್ಲಿ ಓದಿ ಹೇಳಿದ್ದೇನೆ. ಹೆಂಡತಿಯ ಭಯ ಬೇರೆಯೇ ಇದೆ. ಫಿಟ್ಸ್ ಎಡಗೈಯಿಂದ ಶುರುವಾಗುತ್ತದೆ ಎಂದ ಮೇಲೆ ಆ ಜಾಗ ಕೈ ಆಡಿಸುವ ಜಾಗವೇ ಆಗಿದ್ದರೆ? ಮಗಳು ಎಡಗೈಯಲ್ಲಿ ಬಟ್ಟಲು ಹಿಡಿಯುವುದು, ಜಡೆ ಹೆಣೆದುಕೊಳ್ಳುವುದು ನಿಂತುಹೋದರೆ ಏನು ಮಾಡುವುದು ಎನ್ನುತ್ತಾಳೆ. ಶಸ್ತ್ರಚಿಕಿತ್ಸೆಯಿಂದ ಎಷ್ಟು ಮಕ್ಕಳಿಗೆ ಫಿಟ್ಸ್ ನಿಂತಿದೆ, ಎಷ್ಟು ಮಕ್ಕಳಿಗೆ ತೊಂದರೆಯಾಗಿದೆ, ಲೆಕ್ಕವಿದೆಯೇ?

ಹೊನ್ನಾವರದ ಮೇಷ್ಟ್ರು
ದೆಹಲಿಯ ಏಮ್ಸ್‌ನಲ್ಲಿ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಗಿದೆ. ಔಷಧಕ್ಕೆ ಬಗ್ಗದ 116 ಮಕ್ಕಳು ಮತ್ತು ಹದಿಹರೆಯದವರು ಅದರಲ್ಲಿದ್ದರು. ಚೀಟಿ ಎತ್ತಿದಂತೆ 57 ಮಂದಿಗೆ ಶಸ್ತ್ರಚಿಕಿತ್ಸೆ, ಉಳಿದ 59 ಮಂದಿಗೆ ಔಷಧ ಮುಂದುವರಿಕೆ. ಒಂದು ವರ್ಷದ ಬಳಿಕ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 77, ಔಷಧದವರಲ್ಲಿ ಶೇ. 7 ಮಂದಿಗೆ ಫಿಟ್ಸ್ ನಿಂತಿತ್ತು.

ಕೋಡಿಬಾಗ
ಅದೇ ಅಧ್ಯಯನವನ್ನು ನಾನೂ ಹುಡುಕಿ ಓದಿದೆ ಮೇಷ್ಟ್ರೇ, ಅರ್ಧ ಮಾತ್ರ ಹೇಳಿದ್ದೀರಿ. ಶಸ್ತ್ರಚಿಕಿತ್ಸೆಯಾದವರಲ್ಲಿ 19 ಮಕ್ಕಳಿಗೆ, ಅಂದರೆ ಮೂವರಲ್ಲಿ ಒಬ್ಬರಿಗೆ, ಗಂಭೀರ ತೊಂದರೆಯಾಗಿದೆ. ಅದನ್ನು ತಾಯಿಗೆ ಹೇಳಬೇಡವೇ?

ಸಿದ್ದಾಪುರದ ಡಾಕ್ಟರ್
ಹೇಳಲೇಬೇಕು, ಕೋಡಿಬಾಗದವರು ಎತ್ತಿದ್ದು ಒಳ್ಳೆಯದಾಯಿತು. ಆದರೆ ಆ 19ರಲ್ಲಿ ಹೆಚ್ಚಿನವು ದೇಹದ ಒಂದು ಪಾರ್ಶ್ವದ ಬಲಹೀನತೆ. ಒಂದಿಡೀ ಅರ್ಧಗೋಳದ ಸಂಪರ್ಕ ಕಡಿಯುವ ಹೆಮಿಸ್ಫೆರೊಟಮಿಯಂಥ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಅದು ಮೊದಲೇ ಗೊತ್ತಿದ್ದು, ತಂದೆತಾಯಿಗೆ ತಿಳಿಸಿ, ಒಪ್ಪಿಗೆ ಪಡೆದು ಮಾಡುವಂಥದ್ದು. ಸಣ್ಣ ಡಿಸ್‌ಪ್ಲೇಸಿಯಾ ತೆಗೆಯುವುದಕ್ಕೂ ಅದಕ್ಕೂ ಒಂದೇ ಅಪಾಯದ ಲೆಕ್ಕ ಹಾಕಬಾರದು. ಹಾಗೆಯೇ ಶೇ. 77 ಎಂಬುದನ್ನೂ ಪ್ರತಿ ಮಗುವಿಗೆ ಅಂಟಿಸಬಾರದು. ಎಂಆರ್‌ಐಯಲ್ಲಿ ದೋಷ ಕಂಡ ಮಕ್ಕಳಿಗೂ ಕಾಣದ ಮಕ್ಕಳಿಗೂ ಫಲಿತಾಂಶದಲ್ಲಿ ಬಹಳ ವ್ಯತ್ಯಾಸವಿದೆ. ಚಿತ್ರಕ್ಕಾಗಿ ನಾವು ಇಷ್ಟು ಹಟ ಹಿಡಿಯುವುದು ಆ ಕಾರಣಕ್ಕೇ.

ಕೈಯ ವಿಷಯಕ್ಕೆ ಬಂದರೆ, ಫಿಟ್ಸ್‌ನಲ್ಲಿ ಕೈ ಸೆಟೆಯುತ್ತದೆ ಎಂದರೆ ಅದು ಕೈಯ ಜಾಗದಲ್ಲೇ ಹುಟ್ಟಿತೆಂದಲ್ಲ, ಪಕ್ಕದಲ್ಲಿ ಹುಟ್ಟಿ ಅಲ್ಲಿಗೆ ಹಬ್ಬಿರಲೂಬಹುದು. ಇದನ್ನು ತಿಳಿಯಲು ಫಂಕ್ಷನಲ್ ಎಂಆರ್‌ಐ ಇದೆ. ಮಗು ಯಂತ್ರದಲ್ಲಿ ಮಲಗಿ ಎಡಗೈ ಬೆರಳುಗಳನ್ನು ಹೆಬ್ಬೆರಳಿಗೆ ತಾಗಿಸುತ್ತ, ನಿಲ್ಲಿಸುತ್ತ ಇರಬೇಕು. ಆಗ ರಕ್ತದಲ್ಲಿನ ಆಮ್ಲಜನಕ ಎಲ್ಲಿ ಬದಲಾಗುತ್ತದೆ ಎಂಬುದರಿಂದ ಕೈಯ ಜಾಗ ತಿಳಿಯುತ್ತದೆ. ಅಲ್ಲಿಂದ ಕೆಳಗಿಳಿಯುವ ನರತಂತುಗಳ ಕಟ್ಟನ್ನು ಟ್ರ್ಯಾಕ್ಟೋಗ್ರಫಿ ಎಂಬ ಇನ್ನೊಂದು ಬಗೆಯ ಎಂಆರ್‌ಐ ಲೆಕ್ಕದಿಂದ ಬಿಡಿಸುತ್ತಾರೆ. ಇವೂ ಅಂದಾಜಿನ ನಕ್ಷೆಗಳೇ. ತಲೆಬುರುಡೆ ತೆರೆದು ಒಳಗಿನ ದ್ರವ ಇಳಿದೊಡನೆ ಮೆದುಳು ಕೆಲವು ಮಿಲಿಮೀಟರ್ ಕುಸಿಯುತ್ತದೆ, ಆಗ ಮುಂಚೆ ತೆಗೆದ ನಕ್ಷೆ ಅಷ್ಟೇ ಜಾರುತ್ತದೆ. ಅದಕ್ಕಾಗಿ ಶಸ್ತ್ರಚಿಕಿತ್ಸಕರು ಅಲ್ಲಿಯೇ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಕೈಯ ಜಾಗವನ್ನು ಮತ್ತೆ ಖಚಿತ ಮಾಡಿಕೊಳ್ಳುತ್ತಾರೆ.

ಮುರುಡೇಶ್ವರ ಕಡೆಯವಳು
ನಿಮ್ಹಾನ್ಸ್‌ನಲ್ಲಿ ಎಂಇಜಿ ಎಂಬ ಯಂತ್ರದ ಕೆಳಗೆ ನಮ್ಮ ಮಗುವನ್ನು ಕೂರಿಸಿದ್ದರು, ಚುಚ್ಚುವುದೂ ಇಲ್ಲ, ಸದ್ದೂ ಇಲ್ಲ. ಅದು ಏನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹೊನ್ನಾವರದ ಮೇಷ್ಟ್ರು
ಇದು ನನ್ನ ಪಾಠ. ನರಕೋಶಗಳಲ್ಲಿ ವಿದ್ಯುತ್ತು ಹರಿದಾಗ ಅದರ ಸುತ್ತ ಕಾಂತಕ್ಷೇತ್ರವೂ ಹುಟ್ಟುತ್ತದೆ. ಭೂಮಿಯದಕ್ಕಿಂತ ಕೋಟ್ಯಂತರ ಪಟ್ಟು ಕ್ಷೀಣವಾದದ್ದು. ಅದನ್ನು ಹಿಡಿಯಲು ದ್ರವ ಹೀಲಿಯಂನಲ್ಲಿ ತಣ್ಣಗಿಟ್ಟ ಸಂವೇದಕಗಳೂ ಹೊರಗಿನ ಕಾಂತಕ್ಷೇತ್ರ ಬಾರದ ಕೋಣೆಯೂ ಬೇಕು. ತಲೆಬುರುಡೆ ವಿದ್ಯುತ್ತಿನ ಸಂಕೇತವನ್ನು ಚದುರಿಸುವಷ್ಟು ಕಾಂತದ ಸಂಕೇತವನ್ನು ಚದುರಿಸುವುದಿಲ್ಲ, ಆದ್ದರಿಂದ ಕಿಡಿ ಹುಟ್ಟುವ ಜಾಗವನ್ನು ಎಂಆರ್‌ಐ ಮೇಲೆ ಗುರುತಿಸುವುದು ಅದರಿಂದ ಸುಲಭ.

ಅಂಕೋಲೆಯ ತಾಯಿ
ಶಿರಸಿಯವರಿಗೆ ಒಂದು ಅನುಭವದ ಮಾತು. 7 ವರ್ಷದ ಮಗು ಕಲಿಸಿದರೆ ಅರಿವಳಿಕೆಯಿಲ್ಲದೆ ಮಲಗುತ್ತದೆ. ನಾವು ಮಂಚದ ಕೆಳಗೆ ಚಾಪೆ ಹಾಸಿ, ಮೊಬೈಲಿನಲ್ಲಿ ಎಂಆರ್‌ಐ ಯಂತ್ರದ ಕಟಕಟ ಸದ್ದನ್ನು ಹಾಕಿ, ಹೊಟ್ಟೆಯ ಮೇಲೆ ಅಡಿಕೆಯೊಂದನ್ನಿಟ್ಟು ಅದು ಬೀಳಬಾರದು ಎಂದು ಆಟ ಕಟ್ಟಿದ್ದೆವು. ಎರಡು ವಾರದಲ್ಲಿ ಮಗ ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗಿದ. ಫಂಕ್ಷನಲ್ ಎಂಆರ್‌ಐಗೆ ಮಗು ಎಚ್ಚರವಿರಲೇಬೇಕು, ಹಾಗಾಗಿ ಈಗಿನಿಂದಲೇ ಶುರುಮಾಡಿ.

ಶಿರಸಿ ಸೀಮೆಯವ
(ಏಳು ವಾರಗಳ ನಂತರ)
ಪರೀಕ್ಷೆಗಳು ಮುಗಿದು ನಿನ್ನೆ ಊರಿಗೆ ಬಂದೆವು. ಅಡಿಕೆಯ ಆಟ ಫಲಿಸಿತು, ಅರಿವಳಿಕೆ ಬೇಕಾಗಲಿಲ್ಲ. ಹೊಸ ಎಂಆರ್‌ಐಯನ್ನು ಮೊದಲು ಓದಿದವರು ಖಚಿತವಾಗಿ ಏನೂ ಹೇಳಲಿಲ್ಲ. ಪೆಟ್‌ನಲ್ಲಿ ಬಲ ಮುಂಭಾಗದಲ್ಲಿ ಒಂದು ಕಡೆ ಮಂಕು ಕಂಡ ಮೇಲೆ ಎರಡನ್ನೂ ಹೊಂದಿಸಿ ನೋಡಿದರಂತೆ. ಆಗ ಒಂದು ಮಡಿಕೆಯ ತಳದಲ್ಲಿ ತೊಗಟೆ ದಪ್ಪವಾಗಿರುವುದು ಸಿಕ್ಕಿತು. ನನಗೆ ತೋರಿಸಿದರು, ಕಡಲೆಕಾಳಿನಷ್ಟು. ವಿಡಿಯೊ ಇಇಜಿಯಲ್ಲಿ ಮೂರು ರಾತ್ರಿಯಲ್ಲಿ ಹನ್ನೊಂದು ಫಿಟ್ಸ್ ದಾಖಲಾದವು, ಎಲ್ಲವೂ ಬಲಗಡೆಯವು. ಕೈಯ ಜಾಗ ಅದರ ಹಿಂದಿನ ಮಡಿಕೆಯಲ್ಲಿದೆ. ಹತ್ತಿರವಿದೆ, ಆದರೆ ಬೇರೆಯದು. ಕೆಲವು ವಾರ ಕೈ ಸೋಲಬಹುದು, ವ್ಯಾಯಾಮದಿಂದ ಮರಳುವ ನಿರೀಕ್ಷೆಯಿದೆ, ಖಾತರಿ ಕೊಡುವುದಿಲ್ಲ ಎಂದಿದ್ದಾರೆ.

14 ತಿಂಗಳಿನ ಹಳೆಯ ಸಿ.ಡಿ.ಯನ್ನೂ ಒಯ್ದಿದ್ದೆ. ವೈದ್ಯರು ಅದನ್ನು ತೆರೆದು ಅದೇ ಮಡಿಕೆಯ ಬಳಿ ನಿಲ್ಲಿಸಿ ಬಹಳ ಹೊತ್ತು ನೋಡಿದರು. ಈಗ ಗೊತ್ತಿರುವುದರಿಂದ ಇದೆ ಎನಿಸುತ್ತದೆ, ಗೊತ್ತಿಲ್ಲದಿದ್ದರೆ ನಾನೂ ಸಹಜ ಎಂದೇ ಬರೆಯುತ್ತಿದ್ದೆ ಎಂದರು. ಹೊರಗೆ ಬಂದ ಮೇಲೆ ಹೆಂಡತಿ ಅತ್ತಳು, ನನಗೆ ಮಾತ್ರ ಯಾರ ಮೇಲಿದ್ದ ಸಿಟ್ಟೋ ಸ್ವಲ್ಪ ಇಳಿಯಿತು.

ಕೋಡಿಬಾಗ
ಶಸ್ತ್ರಚಿಕಿತ್ಸೆಗೆ ಒಪ್ಪಿದಿರಾ? ಖರ್ಚಿನ ಬಗ್ಗೆ ನನ್ನ ಮಾತು ಈಗಲೂ ಹಾಗೇ ಇದೆ. ಆದರೆ ಕಡಲೆಕಾಳಿನಷ್ಟು ಎಂದಿರಲ್ಲ, ಅದನ್ನು ಓದಿ ಸುಮ್ಮನಾದೆ. ಬೆಂಗಳೂರಿನಲ್ಲಿ ರಕ್ತ ಕೊಡುವವರು ಬೇಕಾದರೆ ತಿಳಿಸಿ, ನನ್ನ ತಮ್ಮ ಅಲ್ಲೇ ಇದ್ದಾನೆ.

ಶಿರಸಿ ಸೀಮೆಯವ
ಒಪ್ಪಿದ್ದೇವೆ ಅಣ್ಣಾ, ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ರಕ್ತದ ಮಾತನ್ನು ಖಂಡಿತ ನೆನಪಿಟ್ಟುಕೊಳ್ಳುತ್ತೇನೆ. ಮಗಳು ಕೇಳುವುದು ಒಂದೇ: ಜಡೆ ಪೂರ್ತಿ ಹೋಗುತ್ತದೆಯೇ?

ಅಂಕೋಲೆಯ ತಾಯಿ
ನನ್ನ ಮಗನಿಗೆ ಕೊಯ್ಯುವ ಗೆರೆಯ ಉದ್ದಕ್ಕೆ ಎರಡು ಬೆರಳಿನಷ್ಟು ಅಗಲ ಮಾತ್ರ ಬೋಳಿಸಿದ್ದರು. ಎಲ್ಲ ಕಡೆಯೂ ಹಾಗಿರುವುದಿಲ್ಲ, ಹಿಂದಿನ ದಿನ ಶಸ್ತ್ರಚಿಕಿತ್ಸಕರನ್ನೇ ಕೇಳಿ. ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮೊದಲು ಎಣ್ಣೆ ಹಚ್ಚಬೇಡಿ, ಸಡಿಲವಾಗಿ ಎರಡು ಜಡೆ ಹಾಕಿ ಕಳಿಸಿ. ಎಡಗಡೆಯದಂತೂ ಉಳಿಯಬಹುದು ಎಂದು ಅವಳಿಗೆ ಹೇಳಿ.